ಗುರಿಯಿಲ್ಲದ ನಡೆಯ ಆಕಾರ

ದುಂಡುಶಕ ೪೧೨, ಹದಿನಾಲ್ಕನೆಯ ತಿಂಗಳು, ಅಮಾವಾಸ್ಯೆಯ ಮಾರನೆಯ ಅಮಾವಾಸ್ಯೆ

ಹಿಂದಿನ ಕಾಲದ ಹಿರಿಯರಿಗೆ,

ನಮ್ಮ ತಾರೀಖೂ ನಮ್ಮ ಮಾತೂ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೂ ಹಾಗೇ ಅನಿಸುತ್ತದೆ, ಹೇಳುವಂತಿಲ್ಲ ಅಷ್ಟೆ.

ನಮ್ಮ ಊರಿನ ಸುತ್ತ ಗೋಡೆ, ಗೋಡೆಯಾಚೆ ಉಪ್ಪಿನ ಬಯಲು. ಗೋಡೆ ಹಾರುವ ಆಸೆ ಯಾರಿಗಿದೆಯೆಂದು ಪತ್ತೆ ಹಚ್ಚಲು ಇಲ್ಲಿ ‘ಅಲೆತ’ ಎಂಬ ಪರೀಕ್ಷೆಯುಂಟು. ಹೊಗೆ ತುಂಬಿದ ದೊಡ್ಡ ಕೋಣೆಯೊಳಗೆ ಒಬ್ಬೊಬ್ಬರನ್ನೇ ಬಿಡುತ್ತಾರೆ. ಮನಸ್ಸಿಗೆ ಬಂದಂತೆ ಅಲೆಯಬೇಕು. ಕಾಲಿಗೆ ಕಟ್ಟಿದ ‘ಹೆಜ್ಜೆಕಡಗ’ ಹೆಜ್ಜೆಗೊಂದು ಚುಕ್ಕಿ ಇಡುತ್ತದೆ. ಚುಕ್ಕಿಗಳ ಗುಂಪು ದುಂಡಗಿದ್ದರೆ ನೀವು ಗುರಿಯಿಲ್ಲದವರು, ಅಂದರೆ ಸಜ್ಜನರು. ಉದ್ದವಾಗಿದ್ದರೆ ಎಲ್ಲಿಗೋ ಹೊರಟವರು, ಅಂದರೆ ದುರ್ಜನರು. ‘ದುಂಡಗೆ ನಡೆ, ತುಂಡು ರೊಟ್ಟಿ ಪಡೆ, ಉದ್ದಕೆ ನಡೆದರೆ ಕತ್ತಲ ಕಡೆ’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಪ್ರಾಸ ಚೆನ್ನಾಗಿದೆ, ಆ ಮಾತು ಒಪ್ಪಲೇಬೇಕು. ಎಲ್ಲರ ಚುಕ್ಕಿಗಳನ್ನೂ ಬಿಡಿಯಾಗಿ ಅಳೆಯುವುದಿಲ್ಲ. ಯಾರ ಮೇಲೆ ಚಾಡಿ ಬಂದಿದೆಯೋ ಅವರದ್ದು ಮಾತ್ರ. ಉಳಿದವರದನ್ನು ಒಟ್ಟಿಗೆ ಕೂಡಿಸಿ ಸರಾಸರಿಯ ರಾಶಿಗೆ ಹಾಕುತ್ತಾರೆ, ಅದು ಯಾವಾಗಲೂ ದುಂಡು.

ಈ ಕಾಯಿದೆ ಹುಟ್ಟಿದ್ದು ನಿಮ್ಮ ಕಾಲದ ಒಂದು ವಾಕ್ಯದಿಂದ: ‘ಗುರಿಯಿಲ್ಲದ ನಡೆಯ ಸರಾಸರಿ ಆಕಾರ ದುಂಡು.’

ನನ್ನ ಅಕ್ಕ ತಂಗೆವ್ವ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. “ಸರಾಸರಿ ದುಂಡಗಿದ್ರ ಏನಾತು? ಒಬ್ಬೊಬ್ಬರದು ಸೌತಿಕಾಯಿ ಇದ್ದಂಗ ಇರತೈತಿ” ಎಂದು ಪಾಠದ ನಡುವೆ ಅಂದುಬಿಟ್ಟಳು. ಚಾಡಿ ಹೋಯಿತು. ಅವಳ ಚುಕ್ಕಿಗಳನ್ನು ಅಳೆದರು. ಸೌತೆಕಾಯಿಯೇ.

ವಿಚಾರಣೆಯಲ್ಲಿ ಅಕ್ಕ ಒಂದು ಪರಾತ ನೀರು, ಒಂದು ಹಿಡಿ ಬೆಂದ ಶ್ಯಾವಿಗೆ ತರಿಸಿದಳು. “ಸಾಹೇಬ್ರ, ಒಂದೊಂದ ಎಳಿ ಬಿಡ್ರಿ. ತಾನಾಗೇ ಹೆಂಗ ಮುದುಡತೈತಿ ನೋಡ್ರಿ. ದುಂಡಗ ಒಂದರ ಐತೇನು? ಇವಕ್ಕೂ ಗ್ವಾಡಿ ಹಾರೂ ಆಸೆ ಐತೇನ್ರಿ?”

ಅಳತೆಯ ಅಧಿಕಾರಿ ಮೃಗೇಂದ್ರಪ್ಪನವರು ತಾಳ್ಮೆಯ ಮನುಷ್ಯರು. ಪ್ರತಿ ಎಳೆಯ ಚಿತ್ರ ತೆಗೆಸಿ, ಒಂದರ ಮೇಲೊಂದು ಹೇರಿಸಿದರು. ಒಂದು ಮೂಡಲಕ್ಕೆ ಉದ್ದ, ಒಂದು ಬಡಗಣಕ್ಕೆ ಉದ್ದ, ಇನ್ನೊಂದು ಓರೆ. ಎಲ್ಲ ಸೇರಿ ಚಂದ್ರನಂತೆ ದುಂಡಗಾಯಿತು. “ನೋಡವ್ವಾ, ಶ್ಯಾವಿಗಿಗೆ ಇರೂ ಶಿಸ್ತು ನಿನಗಿಲ್ಲ” ಎಂದರು. ಸಭೆಯೆಲ್ಲ ನಕ್ಕಿತು. “ಎಲ್ಲಾ ಒಂದ ದಿಕ್ಕಿಗೆ ತಿರುಗಿಸಿ ಕೂಡಸ್ರೀ, ಸೌತಿಕಾಯಿನ ಬರತೈತಿ!” ಎಂದು ಅಕ್ಕ ಕೂಗಿದ್ದು ಆ ನಗುವಿನಲ್ಲಿ ಮುಳುಗಿತು. ಅವಳನ್ನು ನಡೆ ತಿದ್ದುವ ‘ದುಂಡುಶಾಲೆ’ಗೆ ಸಾಗಿಸಿದರು.

ಈ ವರ್ಷ ಅಕ್ಕ ಮನೆಗೆ ಬಂದಿದ್ದಾಳೆ. ನಡೆ ಅಪ್ಪಟ ದುಂಡು. ಅಂಗಳದಲ್ಲಿ ಸುತ್ತುತ್ತಾಳೆ, ಒಂದು ಹೆಜ್ಜೆ ತಪ್ಪಿದರೆ ಮೊದಲಿನಿಂದ ಶುರು. ದುಂಡಗಾಗಬೇಕೆಂದು ಹೀಗೆ ಗುರಿಯಿಟ್ಟುಕೊಂಡು ನಡೆಯುವವರು ಊರಿಗೆಲ್ಲ ಈಗ ಇವಳೊಬ್ಬಳೇ. ಅದಕ್ಕೆಂದೇ ಸಜ್ಜನರ ಬಿಲ್ಲೆ ಕೊಟ್ಟಿದ್ದಾರೆ. ಮೊನ್ನೆ ಸಂತೆಗೆ ಕರೆದೆ. “ಬ್ಯಾಡೋ ತಮ್ಮಾ, ಉದ್ದಕ ಆಕ್ಕೈತಿ” ಎಂದಳು.

ನೀವಿನ್ನೂ ಆ ವಾಕ್ಯ ಬರೆಯುತ್ತಿರುವ ಕಾಲದಲ್ಲಿದ್ದೀರಿ. ಅದರ ಪಕ್ಕದಲ್ಲೇ ಇಷ್ಟು ಸೇರಿಸಿ: ‘ಬಿಡಿಯಾಗಿ ನೋಡಿದರೆ ಯಾವುದೂ ದುಂಡಲ್ಲ, ಅದು ಯಾರ ತಪ್ಪೂ ಅಲ್ಲ.’ ಜಾಗ ಸಾಲದಿದ್ದರೆ ಮೊದಲಿನದನ್ನೇ ಹೊಡೆದುಹಾಕಿ. ಇದು ನಿಮಗೆ ತಲುಪಿ, ನೀವು ಸೇರಿಸಿದ್ದರೆ, ಅಕ್ಕ ಇಷ್ಟೊತ್ತಿಗೆ ಅಂಗಳ ದಾಟಿ ಎತ್ತಲೋ ಹೋಗಿರಬೇಕಿತ್ತು. ಕಿಟಕಿಯಿಂದ ನೋಡುತ್ತಲೇ ಇದ್ದೇನೆ. ಸುತ್ತುತ್ತಿದ್ದಾಳೆ.

ಮುಂದೆಂದೋ ನಿಮ್ಮವನಾಗಲಿರುವ,
ದ್ಯಾಮಣ್ಣ