ನಮ್ಮ ಶಾಲೆಗೇಕೆ ಮಧುಶ್ರೀ ಮೇಡಂ ಬರುವುದಿಲ್ಲ?

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚು. ಮೇಲಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಇಂಥ ಪದ ಬಳಸಬಾರದೆಂದು ಬಲ್ಲೆ. ಆದರೆ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುಮಾಡಿದ ನನ್ನ ಮೂರು ಪತ್ರಗಳಿಗೆ ತಮ್ಮಿಂದ ಉತ್ತರವೇ ಬರಲಿಲ್ಲ. ಹಾಗಾಗಿ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಹಳೇಬೀಡಿನಾಚೆಯ ಒಂದು ಸರ್ಕಾರಿ ಶಾಲೆಗೆ ಪ್ರತಿ ಗುರುವಾರ ಮಧುಶ್ರೀ ಎಂಬ ಮಾರ್ಗದರ್ಶಿ ಬರುತ್ತಾರೆ. ಮಕ್ಕಳಿಗೆ ಪಾಠ ಹೇಳಲಿಕ್ಕಲ್ಲ. ಸಿಟ್ಟಿಗೆದ್ದ, ಮಂಕಾದ, ಯಾರೊಡನೆಯೂ ಬೆರೆಯದ ಮಗುವಿನ ಜೊತೆ ಹೇಗಿರಬೇಕೆಂದು ಶಿಕ್ಷಕರಿಗೆ ಹೇಳಿಕೊಡಲಿಕ್ಕೆ. ಗೆಂಡೆಹಳ್ಳಿ ಕಡೆಯ ನಮ್ಮ ಶಾಲೆಗೆ ಅವರು ಬರುವುದಿಲ್ಲ. ಇದರಿಂದ ನನ್ನ ತರಗತಿಯ ಹುಡುಗಿಯೊಬ್ಬಳು ಮನೆ, ಊರು ಎರಡನ್ನೂ ಬಿಡುವ ಹಂತಕ್ಕೆ ಬಂದಿದ್ದಾಳೆ.

ನಿಮಗೂ ತರಬೇತಿ ಕೊಟ್ಟಿದ್ದೇವಲ್ಲ ಎಂದು ತಾವು ಹೇಳಬಹುದು. ಕೊಟ್ಟಿದ್ದೀರಿ, ಮರೆತಿಲ್ಲ. ಒಂದೇ ದಿನ, ಒಂದೇ ಸಭಾಂಗಣ, ನೂರ ನಲವತ್ತು ಶಿಕ್ಷಕರು. ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲಿದ್ದುದನ್ನು ನೋಡಿಕೊಂಡು ‘ಮಗುವಿನ ಮಾತನ್ನು ಸಹನೆಯಿಂದ ಆಲಿಸಿ’ ಎಂದು ಓದಿದರು. ಹೇಗೆ ಆಲಿಸಬೇಕು ಸಾರ್, ಮಗು ಮಾತೇ ಆಡದಿದ್ದರೆ ಎಂದು ನಾನು ಎದ್ದು ನಿಂತು ಕೇಳಿದೆ. “ಕೂತ್ಕೊಳ್ರೀ, ಟೈಮಿಲ್ಲ, ಪ್ರಶ್ನೆ ಎಲ್ಲ ಕೊನೇಲಿ” ಎಂದರು. ಕೊನೆಯಲ್ಲಿ ಪ್ರಮಾಣಪತ್ರ ಕೊಟ್ಟರು. ಅದರಲ್ಲಿ ನನ್ನ ಹೆಸರು ತಪ್ಪಿಲ್ಲದೆ ಇದೆ, ಅದಕ್ಕಾಗಿ ಕೃತಜ್ಞನಾಗಿದ್ದೇನೆ.

ಹಳೇಬೀಡಿನಾಚೆಯ ಆ ಶಾಲೆಯಲ್ಲಿ ದ್ರಾಕ್ಷಾಯಣಿ ಎಂಬ ಶಿಕ್ಷಕಿ ಇದ್ದಾರೆ. ಹಾಸನದಲ್ಲಿ ನಾವಿಬ್ಬರೂ ಒಟ್ಟಿಗೆ ಶಿಕ್ಷಕ ತರಬೇತಿ ಮುಗಿಸಿದವರು. ಆಕೆಯ ಗಂಟಲು ನಮ್ಮ ಬ್ಯಾಚಿನಲ್ಲೇ ಪ್ರಸಿದ್ಧ. ಗದರಿದರೆ ಪಕ್ಕದ ಕೊಠಡಿಯವರೂ ಕೈಕಟ್ಟಿ ಕೂರುತ್ತಿದ್ದರು. ಸೆಪ್ಟೆಂಬರಿನ ಒಂದು ಗುರುವಾರ, ಅವರಲ್ಲಿ ಹೆಚ್ಚಾಗಿ ಉಳಿದಿದ್ದ ಪಠ್ಯಪುಸ್ತಕ ತರಲು ನಾನು ಅಲ್ಲಿಗೆ ಹೋದೆ. ನಾನು ಬಾಗಿಲಲ್ಲಿದ್ದಾಗಲೇ ಒಬ್ಬ ಹುಡುಗಿ ಜಾಮಿಟ್ರಿ ಬಾಕ್ಸನ್ನು ಗೋಡೆಗೆ ಎಸೆದಳು. ಇನ್ನು ದ್ರಾಕ್ಷಾಯಣಿ ಕೂಗುತ್ತಾರೆ ಎಂದುಕೊಂಡೆ. ಆಕೆ ಕೂಗಲಿಲ್ಲ. ಉಳಿದವರಿಗೆ ಬರೆಯಲು ಕೊಟ್ಟು, ಹುಡುಗಿಯ ಪಕ್ಕ ನೆಲದ ಮೇಲೆ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿಗೆ ಹುಡುಗಿ ತಾನೇ ಎದ್ದು ಪೆನ್ಸಿಲು, ಕೈವಾರ ಎಲ್ಲ ಆರಿಸಿಕೊಂಡಳು. ಹಿಂದಿನ ಬೆಂಚಿನಲ್ಲಿ ಮಧುಶ್ರೀ ಮೇಡಂ ಏನನ್ನೋ ಬರೆದುಕೊಳ್ಳುತ್ತಿದ್ದರು.

ಶಾಲೆ ಬಿಟ್ಟ ಮೇಲೆ ಅವರೆಲ್ಲ ಒಂದು ಕೊಠಡಿಯಲ್ಲಿ ಸೇರಿದರು. ಬಿಸಿಯೂಟದ ಅಡುಗೆಯವರೊಬ್ಬರೂ ಇದ್ದರು. ಯಾವ ಮಗು ಅನ್ನ ಬಿಟ್ಟೇಳುತ್ತದೆ, ಯಾವುದು ಒಂಟಿಯಾಗಿ ಉಣ್ಣುತ್ತದೆ ಎಂದು ಆಕೆ ಹೇಳುತ್ತಿದ್ದರೆ ಶಿಕ್ಷಕರು ಕೇಳಿಸಿಕೊಳ್ಳುತ್ತಿದ್ದರು. ನನಗೆ ಆ ಅಡುಗೆಯವರನ್ನು ಕಂಡೂ ಹೊಟ್ಟೆ ಉರಿಯಿತು. ಆಮೇಲೆ ಮಧುಶ್ರೀ ಮೇಡಂ ದ್ರಾಕ್ಷಾಯಣಿಯ ಕಡೆ ತಿರುಗಿ, “ಆ ಬಾಕ್ಸ್ ಬಿದ್ದಾಗ ನಿಮಗೆ ಏನನ್ನಿಸ್ತು ಮೇಡಂ?” ಎಂದರು. “ಕೈ ನಡುಗ್ತು ಕಣ್ರೀ. ಹೊಡೆದುಬಿಡ್ತೀನೇನೋ ಅನ್ನಿಸ್ತು” ಎಂದು ದ್ರಾಕ್ಷಾಯಣಿ ಎಲ್ಲರೆದುರು ಹೇಳಿದರು. ಯಾರೂ ನಗಲಿಲ್ಲ.

ಸ್ವಾಮಿ, ನನ್ನ ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿಲ್ಲ. ಮೊಟ್ಟೆ ಎಷ್ಟು ಖರ್ಚಾಯಿತು, ಆಧಾರ್ ಜೋಡಣೆ ಆಯಿತೇ, ಶೂ ಅಳತೆ ಕಳಿಸಿದಿರಾ ಎಂದು ಕೇಳಿದ್ದಾರೆ. ನನ್ನ ಕೈ ನಡುಗಿದ್ದನ್ನು ಯಾರು ಕೇಳಿದರು? ವಾಪಸು ಬರುವಾಗ ಬಸ್ಸಿನಲ್ಲಿ ಪುಸ್ತಕದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದೆ. ಸಹಪಾಠಿಯ ಬಡ್ತಿಗೂ ನಾನು ಅಷ್ಟು ಕರುಬಿದವನಲ್ಲ.

ಏಕೆಂದರೆ ನನ್ನ ತರಗತಿಯಲ್ಲಿ ಕಾವ್ಯಶ್ರೀ ಇದ್ದಳು. ಆರನೇ ತರಗತಿ. ಹೋದ ವರ್ಷ ತಾಯಿ ತೀರಿಕೊಂಡ ಮೇಲೆ ತಾತ ನಿಂಗಯ್ಯನವರ ಮನೆಯಲ್ಲಿದ್ದಾಳೆ. ಜುಲೈನಲ್ಲಿ ತಾಯಂದಿರ ಸಭೆ ಇತ್ತು. “ನಾಳೆ ಎಲ್ರೂ ಅಮ್ಮನ್ನ ಕರ್ಕೊಂಡು ಬನ್ನಿ, ನೆಪ ಹೇಳಂಗಿಲ್ಲ” ಎಂದು ನಾನೇ ಹೇಳಿದೆ. ಕಾವ್ಯಶ್ರೀ ನೀರಿನ ಬಾಟಲಿಯನ್ನು ಕರಿಹಲಗೆಗೆ ಬೀಸಿದಳು. ದಾಖಲಾತಿ ಪುಸ್ತಕದಲ್ಲಿ ಅವಳ ತಾಯಿಯ ಹೆಸರಿನ ಮುಂದೆ ‘ದಿವಂಗತ’ ಎಂದು ಬರೆದವನೇ ನಾನು. ಆದರೂ ಆ ಹೊತ್ತಿಗೆ ಹೊಳೆಯಲಿಲ್ಲ. ಮೂರು ದಿನ ಅವಳನ್ನು ಹೊರಗೆ ನಿಲ್ಲಿಸಿದೆ. ಅಂದಿನಿಂದ ಅವಳು ಹಾಜರಿ ಕೂಗಿದರೂ ಓಗೊಡಲಿಲ್ಲ. ಈಗ ಎರಡು ವಾರದಿಂದ ಶಾಲೆಗೇ ಬರುತ್ತಿಲ್ಲ.

ಇನ್ನು ಹಿಂದಿನ ಮೂರು ಪತ್ರಗಳಲ್ಲಿ ನಾನು ಮುಚ್ಚಿಟ್ಟ ಸಂಗತಿ. ಅದೇ ಮೂರು ದಿನಗಳಲ್ಲಿ ತಮ್ಮ ಕಚೇರಿಯಿಂದ ವಾಟ್ಸಾಪಿನಲ್ಲಿ ಒಂದು ನಮೂನೆ ಬಂತು: ವರ್ತನೆಯ ತೊಂದರೆ ಇರುವ ಮಕ್ಕಳ ಸಂಖ್ಯೆ, ಒಂದು ಗಂಟೆಯೊಳಗೆ. ನಮ್ಮ ಮುಖ್ಯಶಿಕ್ಷಕರು, “ಸೊನ್ನೆ ಹಾಕಿ ಕಳ್ಸಿ ಚೇತನ್. ಇದ್ದಾರೆ ಅಂದ್ರೆ ಯಾಕಿದ್ದಾರೆ ಅಂತ ನೋಟಿಸ್ ಬರುತ್ತೆ” ಎಂದರು. ನಮ್ಮ ವೃತ್ತಿಯ ರೂಢಿಯೇ ಅದು. ತೊಂದರೆ ಎಂದು ಇರುವ ಅಂಕಣಕ್ಕೆಲ್ಲ ಸೊನ್ನೆ. ಹೊರಗೆ ಕಾವ್ಯಶ್ರೀ ನಿಂತಿದ್ದಳು, ಒಳಗೆ ನಾನು ಸೊನ್ನೆ ಬರೆದೆ. ದ್ರಾಕ್ಷಾಯಣಿ ಹನ್ನೊಂದು ಎಂದು ಬರೆದು ಒಂದೊಂದು ಮಗುವಿನ ಬಗ್ಗೆಯೂ ಎರಡು ಸಾಲು ಸೇರಿಸಿದ್ದರಂತೆ. ಅವರಿಗೆ ಮಾರ್ಗದರ್ಶಿ ಸಿಕ್ಕರು, ನಮಗೆ ತಮ್ಮ ಅಭಿನಂದನೆ ಸಿಕ್ಕಿತು. ಸುಳ್ಳು ನನ್ನದೇ, ಒಪ್ಪಿದೆ. ಆದರೆ ತೊಂಬತ್ತಾರು ಮಕ್ಕಳಿರುವ ಶಾಲೆಯಲ್ಲಿ ನೋವಿರುವ ಮಗು ಒಂದೂ ಇಲ್ಲವೆಂದರೆ ನಂಬಿದಿರಲ್ಲ, ತಾವು ಯಾವ ಕಾಲದಲ್ಲೂ ಮಗುವಾಗಿರಲಿಲ್ಲವೇ?

ಮೊನ್ನೆ ಶನಿವಾರ ನಿಂಗಯ್ಯನವರು ಬಂದರು. “ಮೇಷ್ಟ್ರೇ, ಹುಡ್ಗಿ ಟೀಸಿ ಕೊಟ್ಬುಡಿ. ಬಸ್ತಿಹಳ್ಳೀಲಿ ನನ್ ಚಿಕ್ ಮಗ್ಳವ್ಳೆ, ಅಲ್ ಬುಡ್ತೀನಿ. ಅಲ್ಲಿಗೆ ಹತ್ರುದ್ ಇಸ್ಕೂಲ್ನಲ್ಲಿ ಟೀಚರ್‌ಗಳ್ಗೇ ಕಲಿಸೋಕೆ ಯಾರೋ ಬತ್ತಾರಂತೆ” ಎಂದರು.

“ಅವಳನ್ನ ಬಿಟ್ಟು ಇರ್ತೀರಾ ನಿಂಗಯ್ಯನವರೇ?”

“ಎಲ್ ಇರಾಕಾಯ್ತದೆ ಸಾಮಿ. ಮನೇಲಿ ಇರೋದೇ ನಾವಿಬ್ರು. ಆದ್ರೆ ಹುಡ್ಗಿ ಮಾತಾಡ್ಬೇಕಲ್ಲ.” ಆಮೇಲೆ, “ನಿಮ್ ಮ್ಯಾಲೇನೂ ಬೇಜಾರಿಲ್ಲ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹತ್ತು ದಿನ ಕೊಡಿ ಎಂದೆ, ನಾನೇ ಮನೆಗೆ ಬಂದು ಅವಳ ಹತ್ತಿರ ಕ್ಷಮೆ ಕೇಳುತ್ತೇನೆ ಎಂದೆ. “ಹತ್ ದಿನ ಆಗಾಕಿಲ್ಲ, ಬರೋ ಶನಿವಾರ ಬತ್ತೀನಿ” ಎಂದು ಹೋದರು. ಭಾನುವಾರ ಅವರ ಮನೆಗೆ ಹೋದೆ. ಕ್ಷಮೆ ಕೇಳಿದೆ. ಕಾವ್ಯಶ್ರೀ ನನ್ನನ್ನು ನೋಡಿ ಒಳಗೆ ಹೋದಳು. ಆಮೇಲೇನು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿರುವವರನ್ನು ಕಳಿಸಿ ಎಂದೇ ಕೇಳುತ್ತಿರುವುದು.

ವಾರಕ್ಕೊಂದು ದಿನ ಮಧುಶ್ರೀಯವರನ್ನೋ, ಅವರಂಥ ಇನ್ನೊಬ್ಬರನ್ನೋ ನಮ್ಮ ಶಾಲೆಗೂ ಕೊಡಿ. ಜನ ಇಲ್ಲವೆಂದಾದರೆ ಈ ಗುರುವಾರವೇ ನನ್ನನ್ನು ದ್ರಾಕ್ಷಾಯಣಿಯ ತರಗತಿಗೆ ಕಳಿಸಿ ಆದೇಶ ಮಾಡಿ, ಹಿಂದಿನ ಬೆಂಚಿನಲ್ಲಿ ಕೂತು ಕಲಿಯುತ್ತೇನೆ. ಸುಳ್ಳು ಮಾಹಿತಿಗೆ ನೋಟಿಸು ಕೊಡುವುದಿದ್ದರೆ ಅದನ್ನೂ ಕೊಡಿ, ನಮ್ಮಲ್ಲಿ ಒಂದು ಮಗುವಿದೆಯೆಂದು ಕಚೇರಿಯ ಕಡತದಲ್ಲಿ ಆಗಲಾದರೂ ದಾಖಲಾಗುತ್ತದೆ. ಉತ್ತರ ಮಾತ್ರ ಶುಕ್ರವಾರದೊಳಗೆ ಬರಲಿ. ನಿಂಗಯ್ಯನವರು ಬರುತ್ತೇನೆಂದ ದಿನ ಬರುವವರು.

ಇಂತಿ,
ಇನ್ನೊಂದು ಶಾಲೆಯ ಅಡುಗೆಯವರನ್ನು ಕಂಡೂ ಕರುಬುವ,
ಆರನೇ ತರಗತಿಯ ಮೇಷ್ಟ್ರು ಚೇತನ್‌ಕುಮಾರ್