ಹಿಂಬದಿ ಖಾಲಿ ಹಾಳೆ

ಗುರುವಾರ, ಮಧ್ಯಾಹ್ನ ಹನ್ನೆರಡೂವರೆ
ನಿನ್ನ ಕಚೇರಿಯ ಕೆಳಗೆ, ಕಾವಲುಗಾರನ ಮೇಜಿನಿಂದ

ಚಿನ್ನಿ,

ಹರಿದು ಹಾಕುವ ಮೊದಲು ಇಷ್ಟು ಓದು: ಊಟಕ್ಕೆ ಇಳಿಯುವಾಗ ಲಿಫ್ಟ್ ಹತ್ತಬೇಡ. ಮೆಟ್ಟಿಲಲ್ಲಿ ಬಾ. ಪಕ್ಕದವರಿಗೂ ಹೇಳು.

ನನ್ನ ನಂಬರಿಗೆ ನೀನು ಬೀಗ ಹಾಕಿ ಎಂಟು ತಿಂಗಳಾಯಿತು. ಈಗ ಕಾವಲುಗಾರ ಒಳಗಿನ ಫೋನಿನಲ್ಲಿ ಕೇಳಿದರೆ, ಅಕ್ಕ ಗಿಕ್ಕ ಯಾರೂ ಇಲ್ಲ, ಮೇಲೆ ಬಿಡಬೇಡಿ ಎಂದೆಯಂತೆ. ನೆಂಟರೆದುರು ನಿನ್ನನ್ನು ಬೇಜವಾಬ್ದಾರಿ ಎಂದವಳು ನಾನು, ಅನುಭವಿಸಬೇಕು. ಅದಕ್ಕೇ ಅವನ ಪುಸ್ತಕದ ಹಾಳೆ ಹರಿದುಕೊಂಡು ಬರೆಯುತ್ತಿದ್ದೇನೆ.

ನಮ್ಮದು ಲಿಫ್ಟ್ ತಪಾಸಣೆಯ ಕಚೇರಿ. ವರದಿಗಳನ್ನು ಟೈಪ್ ಮಾಡಿ ಪ್ರಿಂಟ್ ತೆಗೆಯುವುದು ನನ್ನ ಕೆಲಸ. ಮೊದಲ ಪುಟದಲ್ಲಿ ವಿಳಾಸ, 'ಪರೀಕ್ಷೆ ಮುಗಿದಿದೆ' ಎಂಬ ಸಾಲು, ಮೊಹರು. ದೋಷಗಳೆಲ್ಲ ಎರಡನೆಯ ಪುಟಕ್ಕೆ, ಅದೇ ಹಾಳೆಯ ಹಿಂಬದಿಯಲ್ಲಿ.

ಮೂರು ವಾರದಿಂದ ಕಂಪ್ಯೂಟರಿನಲ್ಲಿ ಪ್ರಿಂಟ್ ಕಿಟಕಿ ತೆರೆದರೆ ಸಾಕು, ಪರದೆ ಕಲ್ಲಾಗುತ್ತಿತ್ತು. ಟೈಪ್ ಮಾಡಿದ್ದೆಲ್ಲ ನೀರುಪಾಲು. ರಿಪೇರಿಯವನು, ಹೊಸ ಆವೃತ್ತಿ ಬರೋವರೆಗೂ ಹೇಗಾದರೂ ಸುಧಾರಿಸಿಕೊಳ್ಳಿ ಮೇಡಂ ಎಂದು ಕೈತೊಳೆದುಕೊಂಡ. ಸುಧಾರಿಸಿಕೊಂಡೆ. ಪರದೆಯ ಮೇಲ್ತುದಿಯಲ್ಲಿ ಒಂದು ಪುಟ್ಟ ಗುಂಡಿ ಇದೆ. ಒತ್ತಿದರೆ ಕಿಟಕಿ ತೆರೆಯದೆ, ಏನೂ ಕೇಳದೆ, ಹಿಂದಿನ ಸಲ ಹೇಳಿದಂತೆಯೇ ಅಚ್ಚು ಹಾಕುತ್ತದೆ. ಹಿಂದಿನ ಸಲ ಯಾವುದೋ ಕಾಗದಕ್ಕೆ ನಾನು ಹೇಳಿದ್ದು 'ಮೊದಲ ಪುಟ ಮಾತ್ರ' ಎಂದು.

ಮೊದಲೂ ಒಂದೇ ಹಾಳೆ, ಈಗಲೂ ಒಂದೇ ಹಾಳೆ. ಯಾರೂ ಮಗುಚಿ ನೋಡಲಿಲ್ಲ. ನಲವತ್ತೊಂದು ವರದಿ ಹಾಗೇ ಹೋದವು. ಇವತ್ತು ಬೆಳಿಗ್ಗೆ ಹಿಂಬದಿ ಖಾಲಿ ಇರುವುದು ಕಣ್ಣಿಗೆ ಬಿತ್ತು. ನಿಮ್ಮ ಕಟ್ಟಡದ ಎರಡನೆಯ ಪುಟ ಹೀಗಿದೆ: 'ಎತ್ತುವ ಉಕ್ಕಿನ ಹಗ್ಗದ ಎಳೆಗಳು ಕಡಿದಿವೆ. ಬ್ರೇಕ್ ಸವೆದಿದೆ. ಬದಲಿಸುವವರೆಗೆ ಚಾಲನೆ ನಿಲ್ಲಿಸಿ.'

ಸಾಹೇಬರಿಗೆ ಹೇಳಿದೆ. ಡಂಗುರ ಹೊಡೀಬೇಡ, ಮುಂದಿನ ವಾರ ಸರಿಯಾದ ಪ್ರತಿ ಕಳಿಸೋಣ ಎಂದರು. ಕೇಳದೆ ಓಡಿ ಬಂದೆ. ಕಾವಲುಗಾರ ನಗುತ್ತ ಲಿಫ್ಟಿನ ಪಕ್ಕ ಅಂಟಿಸಿದ ವರದಿ ತೋರಿಸಿದ: ನಿಮ್ಮ ಆಫೀಸಿನ ಕಾಗದಾನೇ ಪರೀಕ್ಷೆ ಆಗಿದೆ ಅನ್ನುತ್ತಲ್ಲಮ್ಮ, ಮ್ಯಾನೇಜರ್ ಬರೋವರೆಗೂ ನಾನು ನಿಲ್ಲಿಸೋ ಹಾಗಿಲ್ಲ. ನಾನೇ ಪ್ರಿಂಟ್ ತೆಗೆದ ಹಾಳೆ ಅದು. ಖಾಲಿ ಮಗ್ಗುಲು ಗೋಡೆಗೆ ಅಂಟಿದೆ.

ಬಯ್ಯುವುದಿದ್ದರೆ ಕೆಳಗೆ ಬಂದು ಬಯ್ಯಿ. ನಡೆದು ಬಾ.

ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಹಿಂಬದಿ ಖಾಲಿ ಇರುವುದು ಇವತ್ತಲ್ಲ, ಸೋಮವಾರವೇ ಕಂಡಿತ್ತು. ಕೆಲಸ ಹೋದೀತೆಂದು ಮೂರು ದಿನ ಬಾಯಿ ಬಿಡಲಿಲ್ಲ. ಇವತ್ತು ಹಾಗೆ ಹೋದ ವರದಿಗಳ ಪಟ್ಟಿಯಲ್ಲಿ ನಿನ್ನ ಕಟ್ಟಡದ ವಿಳಾಸ ಕಂಡ ಮೇಲೇ ಎದ್ದೆ. ಇದನ್ನು ಕಾವಲುಗಾರನೇ ತಂದುಕೊಡುತ್ತಾನಂತೆ, ಲಿಫ್ಟಿನಲ್ಲಿ. ಬೇಡಪ್ಪಾ ಎಂದು ಕೈಮುಗಿದೆ. ಏಳು ಮಹಡಿ ಹತ್ತೋಕೆ ನಿಮ್ಮ ಮೊಣಕಾಲು ಸಾಲ ಕೊಡ್ತೀರಾ ಎಂದು ಕೇಳುತ್ತಿದ್ದಾನೆ. ಈ ಸಾಲು ನೀನು ಓದುತ್ತಿದ್ದರೆ ಅವನು ತಲುಪಿದ್ದಾನೆ ಎಂದರ್ಥ. ವಾಪಸ್ ಬರುವಾಗ ಅವನ ಕೈ ಹಿಡಿದುಕೊಂಡು ಮೆಟ್ಟಿಲಲ್ಲೇ ಇಳಿಸು.