ಆಲ್ಡರ್ ಹಳ್ಳದ ಕೀಲಿ

ಮಾರ್ಚ್ 3, ಬೆಳಿಗ್ಗೆ 6

ಥರ್ಮಾಸ್‌ಗೆ ಕಾಫಿ ತುಂಬಿದ್ದಾಯಿತು. ಗಂಡ ಆರಿನ್‌ನ ನೀರಿಗಿಳಿಯುವ ರಬ್ಬರ್ ಪ್ಯಾಂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿದರೂ ಕಾಲು ಲೊಡಲೊಡ. ಇರಲಿ. ಮೂವತ್ತು ವರ್ಷ ಬಲೆ ಹಿಡಿದು ದಡದಲ್ಲೇ ನಿಂತವಳು. ಅವನು ಸತ್ತ ಮೇಲಾದರೂ ಗಾಳ ಹಿಡಿಯಬಾರದೇ?

ನಿನ್ನೆ ಡೆಲ್ ಪ್ರೂಯಿಟ್ ಬಂದಿದ್ದ. ಆರಿನ್‌ನ ಗೆಳೆಯ, ಮೀನುಗಾರರ ಸಂಘದ ಕಾರ್ಯದರ್ಶಿ. ಹಕಲ್‌ಬೆರಿ ಹಣ್ಣಿನ ಪೈ ಎರಡು ತುಂಡು ತಿಂದು, ಬಾಯಿ ಒರೆಸಿಕೊಂಡು, ಆರಿನ್‌ಗೆ ಕೊಟ್ಟಿದ್ದ ಆಲ್ಡರ್ ಹಳ್ಳದ ಗೇಟಿನ ಕೀಲಿ ವಾಪಸು ಕೇಳಿದ. ಅಲ್ಲಿ ಸ್ವಂತ ಕೈಯಿಂದ ಸ್ಟೀಲ್‌ಹೆಡ್ ಮೀನು ಹಿಡಿದವರಿಗೆ ಮಾತ್ರ ಕೀಲಿಯಂತೆ. ಸಂಘದವರೊಬ್ಬರು ಕಣ್ಣಾರೆ ನೋಡಿ ಸಂಘದ ಪುಸ್ತಕದಲ್ಲಿ ಬರೆದಿರಬೇಕಂತೆ. ತಿಂಗಳ ಕೊನೆಯವರೆಗೆ ಗಡುವು. ಕೀಲಿ ಹೋದರೆ ಹಳ್ಳವೇ ಹೋದಂತೆ, ಬೇರೆ ದಾರಿಯಿಲ್ಲ.

"ಅರವತ್ತೆಂಟಾಯ್ತು ನಿಂಗೆ, ವೆಲ್ಡಾ. ಮನೇಲಿ ಬೆಚ್ಚಗಿರಬಾರ್ದಾ?"

ಬೆಚ್ಚಗಿರಲು ನಾನೇನು ಕಾವಿಗೆ ಕೂತ ಕೋಳಿಯೇ?

ಮಾರ್ಚ್ 4

ಬರೀ ಚಿಕ್ಕ ಟ್ರೌಟ್ ಮೀನು. ಅಂಗೈಯಷ್ಟು. ನಾಲ್ಕನ್ನೂ ಬಿಟ್ಟೆ. ಬೆರಳು ಮರಗಟ್ಟಿವೆ, ಅಕ್ಷರ ನೋಡಿದರೆ ನನಗೇ ನಗು…

ಮಾರ್ಚ್ 17

ಹನ್ನೆರಡು ದಿನ ಹಳ್ಳದ ತುಂಬ ಹಿಮ ಕರಗಿದ ಕೆಂಪು ನೀರು. ಇಂದು ತಿಳಿಯಾಯಿತು. ಇಳಿದೆ, ಜಾರಿ ಬಿದ್ದೆ. ಮೊಣಕಾಲು ಊದಿ ಕುಂಬಳಕಾಯಿ.

ಅಂಗಡಿಯಲ್ಲಿ ಸಂಘದವರಿಬ್ಬರು ನನ್ನ ಕುಂಟು ನೋಡಿ ಕಿಸಕ್ಕೆಂದರು. ಮೀನೇ ನನ್ನನ್ನು ಹಿಡಿಯಿತಾ ಎಂದು ಒಬ್ಬನ ಕುಹಕ. ಅವರೆದುರಿಗೇ ಇನ್ನೊಂದು ಡಬ್ಬಿ ಕೊಕ್ಕೆ ಕೊಂಡುಕೊಂಡೆ.

ಮಾರ್ಚ್ 31, ಸಂಜೆ

ಹಿಡಿದೆ.

ಕೊನೆಯ ದಿನವೆಂದು ಡೆಲ್ ಸಾಕ್ಷಿಗೆ ಬಂದು ದಡದಲ್ಲಿ ಕೂತಿದ್ದ. ಹೆಮ್‌ಲಾಕ್ ಮರ ಬಿದ್ದಿರುವಲ್ಲಿ ದಾರ ಎಳೆಯಿತು. ಇಪ್ಪತ್ತು ನಿಮಿಷ. ಬಲೆ ತರಲು ಎದ್ದವನನ್ನು ಗದರಿ ಕೂರಿಸಿದೆ. ಮೀನು ಮೊಣಕಾಲ ಬಳಿ ಬಂತು — ಸಮುದ್ರದಿಂದ ಇಷ್ಟು ದೂರ ಈಜಿ, ಮೊಟ್ಟೆಯಿಡಲು ಬಂದ ಹೆಣ್ಣು. ಬೆನ್ನ ಮೇಲೆ, ಬಾಲದ ಹತ್ತಿರದ ಚಿಕ್ಕ ಈಜುರೆಕ್ಕೆ ಹಾಗೇ ಇತ್ತು. ಸಾಕಿ ಬಿಟ್ಟ ಮೀನಾದರೆ ಗುರುತಿಗೆಂದು ಮರಿಯಲ್ಲೇ ಅದನ್ನು ಕತ್ತರಿಸಿರುತ್ತಾರೆ. ರೆಕ್ಕೆ ಇದ್ದರೆ ಹೊಳೆಯಲ್ಲೇ ಹುಟ್ಟಿದ್ದು. ಅಂಥದನ್ನು ನೀರಿನಿಂದ ಎತ್ತುವಂತಿಲ್ಲ, ಕಾನೂನು.

ಡೆಲ್ ಅಳತೆಯ ಹಲಗೆ ಹಿಡಿದು ಬಂದ. "ಒಂದ್ನಿಮಿಷ ಇದರ ಮೇಲೆ ಮಲಗಿಸು. ಅಳತೆ ಬರ್ಕೊಂಡ್ರೆ ಕೀಲಿ ನಿಂದೇ. ಯಾರು ನೋಡ್ತಾರೆ?"

"ನಾನು ನೋಡ್ತಿದೀನಲ್ಲ."

ನೀರೊಳಗೇ ಕೊಕ್ಕೆ ಬಿಡಿಸಿದೆ. ಹೋಯಿತು. ಬಿಡಲು ಮನಸ್ಸಿರಲಿಲ್ಲ, ಸುಳ್ಳೇಕೆ.

ಹಲಗೆ ಮುಟ್ಟದ ಮೀನು ಲೆಕ್ಕಕ್ಕಿಲ್ಲವಂತೆ. ನಾಳೆ ಸಭೆಗೆ ಕೀಲಿ ತರಬೇಕಂತೆ.

ಏಪ್ರಿಲ್ 1, ಸಭೆಗೆ ಮುಂಚೆ

ಹೋಗುತ್ತೇನೆ. ಕೀಲಿ ಕೊಡುವುದಿಲ್ಲ. ಸಂಘದ ಪುಸ್ತಕ ಕೇಳುತ್ತೇನೆ. ಅದರಲ್ಲಿ ಪ್ರತಿ ಮೀನಿನ ಉದ್ದದ ಪಕ್ಕ ರೆಕ್ಕೆ ಇತ್ತೋ ಇಲ್ಲವೋ ಎಂದೂ ಬರೆದಿದೆ. ರೆಕ್ಕೆ ಇದ್ದದ್ದನ್ನು ಎತ್ತಿ ಹಲಗೆಗೆ ಹಾಕಿದವರ ಹೆಸರು ಒಂದೊಂದಾಗಿ ಓದಿ, ನಿಮ್ಮ ಕೀಲಿಗಳನ್ನೂ ಮೇಜಿನ ಮೇಲಿಡಿ ಎನ್ನುತ್ತೇನೆ. ಡೆಲ್‌ನ ಹೆಸರಿದೆ. ಆರಿನ್‌ದೂ ಇದೆ, ಆರು ಸಲ. ಆ ಆರನ್ನೂ ಅವನ ಪರವಾಗಿ ಬರೆದವಳು ನಾನೇ. ಒದ್ದಾಡುವ ಮೀನನ್ನು ಹಲಗೆಗೆ ಒತ್ತಿ ಹಿಡಿದವಳೂ ನಾನೇ.

ಮೊದಲು ಆರಿನ್‌ನ ಆ ಆರನ್ನೇ ಓದುತ್ತೇನೆ. ಆಮೇಲೆ ನನ್ನ ಕೀಲಿ ಕೇಳಲು ಅವರಲ್ಲಿ ಯಾರಿಗೆ ಬಾಯಿ ಇರುತ್ತದೋ ನೋಡೋಣ.